ಮಾವನ ಜಾಗ್ವಾರು, ನಮ್ಮ ಪೆಟ್ರೋಲು

ಹೋದ ಡಿಸೆಂಬರಿನ ಒಂದು ಭಾನುವಾರ. ಬೆಳಗಿನ ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು, ಪುಣೆಯಿಂದ ಭಾವನ ಫೋನು ಬಂತು. ಭಾವ ಅಂದರೆ ನನ್ನ ಸೋದರಮಾವನ ಮಗ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. "ಎಂತ ಮಾರಾಯ, ಈಗ ಪಂಪಿನಲ್ಲಿ ಎಲ್ಲ ಕಡೆ ಇ20 ಅಂತೆ. ಅಪ್ಪನ ಗಾಡಿಗೆ ಅದನ್ನು ಹಾಕಬಹುದಾ? ನೀನು ಇದರ ಬಗ್ಗೆ ತುಂಬ ಓದಿದವ, ಹೇಳು ನೋಡುವ" ಅಂದರು.

ನಾನು ಓದಿದ್ದು ಬಿ.ಕಾಂ. ಕೆಲಸ ಬ್ಯಾಂಕಿನಲ್ಲಿ. ಎಂಜಿನ್ನಿಗೂ ನನಗೂ ಅಧಿಕೃತ ಸಂಬಂಧ ಅಂದರೆ ವಾಹನ ಸಾಲದ ಫೈಲಿಗೆ ಸಹಿ ಹಾಕುವುದು, ಅಷ್ಟೇ. ಆದರೆ ಭಾವ ಹೇಳಿದ್ದು ಸುಳ್ಳಲ್ಲ. ಹಳೆ ಎಂಜಿನ್ನು ಮತ್ತು ಪೆಟ್ರೋಲಿನ ವಿಷಯ ನಾನು ಇಪ್ಪತ್ತೆಂಟು ವರ್ಷದಿಂದ ಸಿಕ್ಕಿದಲ್ಲೆಲ್ಲ ಓದಿದ್ದೇನೆ. ಆಸಕ್ತಿಯಿಂದ ಓದಿದೆ ಎಂದು ಮನೆಯವರೆಲ್ಲ ತಿಳಿದಿದ್ದಾರೆ. ನಿಜವಾದ ಕಾರಣ ಇವತ್ತು ಬರೆಯುತ್ತಿದ್ದೇನೆ.

ಮಾವ ಬ್ರಹ್ಮಾವರದ ಹತ್ತಿರದ ನಮ್ಮ ಊರಿಂದ ಹತ್ತೊಂಬತ್ತನೇ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ಮೊದಲು ಬೇರೆಯವರ ಹೋಟೆಲಿನಲ್ಲಿ ಕೆಲಸ, ಆಮೇಲೆ ಮಾಟುಂಗಾದಲ್ಲಿ ತಮ್ಮದೇ ಒಂದು ಸಣ್ಣ ಹೋಟೆಲು. ಕೈಯಲ್ಲಿ ಸ್ವಲ್ಪ ದುಡ್ಡಾದಾಗ ಬೇರೆಯವರು ಊರಲ್ಲಿ ತೋಟ ತೆಗೆದುಕೊಂಡರೆ ನಮ್ಮ ಮಾವ 1978 ರಲ್ಲಿ ಒಂದು ಹಳೇ ಜಾಗ್ವಾರ್ ತೆಗೆದುಕೊಂಡರು! ಮಾರ್ಕ್ ಟೂ ಮಾಡೆಲು, 3.4 ಲೀಟರಿನ ಆರು ಸಿಲಿಂಡರ್, 1961 ರ ಗಾಡಿ, ಬಣ್ಣ ಕಡು ಹಸಿರು. ಒಬ್ಬ ವಿದೇಶಿ ಅಧಿಕಾರಿ ಇಂಗ್ಲೆಂಡಿನಿಂದ ತಂದು ಬಿಟ್ಟು ಹೋದದ್ದು, ಎರಡು ಕೈ ದಾಟಿ ಮಾವನಿಗೆ ಬಂದಿತ್ತು. ಅತ್ತೆ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲವಂತೆ. ನಾನು 1991 ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಮುಂಬಯಿಗೆ ಬಂದಾಗ ಮೂರು ವರ್ಷ ಮಾವನ ಮನೆಯಲ್ಲೇ ಇದ್ದೆ. ಭಾನುವಾರ ಬೆಳಿಗ್ಗೆ ಆ ಕಾರನ್ನು ಒರೆಸುವುದು ನನ್ನ ಪಾಲಿನ ಕೆಲಸ, ಅದರ ಸಂಬಳ ಅಂದರೆ ಮುಂದಿನ ಸೀಟಿನಲ್ಲಿ ಮಾವನ ಪಕ್ಕ ಕೂತು ಮಲಬಾರ್ ಹಿಲ್ಲಿಗೆ ಒಂದು ಸುತ್ತು.

ಈಗ ಸ್ವಲ್ಪ ಎಂಜಿನ್ ವಿಷಯ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ನು ಕೆಳಗಿಳಿದಾಗ ಗಾಳಿ ಮತ್ತು ಪೆಟ್ರೋಲಿನ ಆವಿ ಸಿಲಿಂಡರಿನೊಳಗೆ ಬರುತ್ತದೆ. ಪಿಸ್ಟನ್ನು ಮೇಲೆ ಬಂದಾಗ ಅದನ್ನು ಒತ್ತುತ್ತದೆ. ಒಂಬತ್ತು ಪಾಲು ಜಾಗದಲ್ಲಿದ್ದದ್ದನ್ನು ಒಂದು ಪಾಲು ಜಾಗಕ್ಕೆ ಒತ್ತಿದರೆ ಕಂಪ್ರೆಷನ್ 9 ಕ್ಕೆ 1 ಎನ್ನುತ್ತಾರೆ. ಹೆಚ್ಚು ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಶಕ್ತಿ ಸಿಗುತ್ತದೆ. ಆದರೆ ಒತ್ತಿದರೆ ಬಿಸಿಯೂ ಏರುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು.

ಸರಿಯಾಗಿ ನಡೆದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಬೆಂಕಿ ಹತ್ತಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಉರಿದುಕೊಂಡು ಹೋಗಬೇಕು. ಪಟಾಕಿ ಸರ ಹೊತ್ತಿಸಿದ ಹಾಗೆ ಅನ್ನಿ. ಒತ್ತಡ, ಬಿಸಿ ಜಾಸ್ತಿಯಾಗಿ ಪೆಟ್ರೋಲು ತಡೆದುಕೊಳ್ಳದಿದ್ದರೆ ಏನಾಗುತ್ತದೆ? ಬೆಂಕಿ ಅಲ್ಲಿಗೆ ಮುಟ್ಟುವ ಮೊದಲೇ ಸರದ ಆ ತುದಿ ತಾನಾಗಿಯೇ ಢಂ ಎಂದು ಒಟ್ಟಿಗೆ ಸಿಡಿಯುತ್ತದೆ. ಇದಕ್ಕೇ ನಾಕಿಂಗ್ ಎನ್ನುವುದು. ಹೊರಗೆ ಕೂತವರಿಗೆ ಕೇಳಿಸುವುದು ಢಂ ಅಲ್ಲ, ತಗಡಿನ ಡಬ್ಬಿಯಲ್ಲಿ ನಾಲ್ಕು ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಒಂದು ಸಣ್ಣ ಸದ್ದು.

ಪೆಟ್ರೋಲು ಹೀಗೆ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದರ ಅಳತೆಯೇ ಆಕ್ಟೇನ್. ಐಸೋ ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬುದಕ್ಕೆ 0 ಎಂದು ಇಟ್ಟು ಹೋಲಿಸಿ ನೋಡುತ್ತಾರೆ. ಆಕ್ಟೇನ್ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಎಂದು ನಮ್ಮ ಆಫೀಸಿನಲ್ಲೂ ಎಷ್ಟೋ ಜನ ನಂಬಿದ್ದಾರೆ, ದುಬಾರಿ ಪೆಟ್ರೋಲು ಹಾಕಿಸಿ ಖುಷಿ ಪಡುತ್ತಾರೆ. ಹಾಗಲ್ಲ. ಅದು ತಾಳ್ಮೆಯ ಅಳತೆ, ಶಕ್ತಿಯದ್ದಲ್ಲ. ಹೆಚ್ಚು ಒತ್ತುವ ಎಂಜಿನ್ನಿಗೆ ಹೆಚ್ಚು ತಾಳ್ಮೆಯ ಪೆಟ್ರೋಲು ಬೇಕು, ಕಡಿಮೆ ಒತ್ತುವ ಎಂಜಿನ್ನಿಗೆ ಅದರಿಂದ ಲಾಭವಿಲ್ಲ.

ಜಾಗ್ವಾರಿನ ಈ ಎಂಜಿನ್ನನ್ನು 7, 8 ಮತ್ತು 9 ಹೀಗೆ ಮೂರು ಕಂಪ್ರೆಷನ್ನಿನಲ್ಲಿ ಮಾಡುತ್ತಿದ್ದರು. ಒಳ್ಳೆ ಪೆಟ್ರೋಲು ಸಿಗದ ದೇಶಗಳಿಗೆ 7 ಅಥವಾ 8, ಸಿಗುವ ಕಡೆಗೆ 9. ಯಾವುದು ಎಂದು ಎಂಜಿನ್ ನಂಬರಿನ ಕೊನೆಯ ಅಂಕೆಯಲ್ಲೇ ಬರೆದಿರುತ್ತದೆ. ಮಾವನದ್ದು 9. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಇಂಥ ಎಂಜಿನ್ನುಗಳಿಗಾಗಿ 100 ಆಕ್ಟೇನಿನ ಪೆಟ್ರೋಲು ಪಂಪಿನಲ್ಲೇ ಸಿಗುತ್ತಿತ್ತು. ನಮ್ಮಲ್ಲಿ 87 ಮತ್ತು 93 ಎಂದು ಎರಡು ದರ್ಜೆ ಇದ್ದವು, ಸಾಧಾರಣವಾಗಿ ಸಿಗುತ್ತಿದ್ದುದು 87. ಅಂದರೆ ಆ ಕಾರು ಮುಂಬಯಿಯಲ್ಲಿ ಓಡಬೇಕಾದ ಕಾರೇ ಅಲ್ಲ! ಆದರೂ ಹದಿನೇಳು ವರ್ಷ ತಕರಾರಿಲ್ಲದೆ ಓಡಿತು. ಅದಕ್ಕೆ ಕಾರಣ ಗ್ರಾಂಟ್ ರೋಡಿನ ಕಡೆ ಒಂದು ಗಲ್ಲಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಒಬ್ಬ ಮುದುಕ ಮೆಕ್ಯಾನಿಕ್. ಎಲ್ಲರಿಗೂ ಅವರು ಚಾಚಾ.

ಚಾಚಾ ಮಾಡಿದ್ದು ಇಷ್ಟೇ. ಪಿಸ್ಟನ್ನು ಪೂರ್ತಿ ಮೇಲೆ ಬರುವ ಸ್ವಲ್ಪ ಮುಂಚೆಯೇ ಪ್ಲಗ್ಗು ಕಿಡಿ ಹೊಡೆಯುತ್ತದೆ, ಉರಿಯಲು ಸಮಯ ಬೇಕಲ್ಲ. ಎಷ್ಟು ಮುಂಚೆ ಹೊಡೆಯುತ್ತದೋ ಒಳಗೆ ಅಷ್ಟು ಒತ್ತಡ. ಚಾಚಾ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿ ಕಿಡಿಯನ್ನು ತಡ ಮಾಡಿಟ್ಟಿದ್ದರು. ಹಾಗೆ ಮಾಡಿದರೆ ಗಾಡಿ ಸೋಮಾರಿಯಾಗುತ್ತದೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಎಂಜಿನ್ನು ಬಿಸಿಯಾಗುತ್ತದೆ, ಆದರೆ ಪಿಸ್ಟನ್ನು ಉಳಿಯುತ್ತದೆ. ಮಾವ ಆಗಾಗ ಗೊಣಗುತ್ತಿದ್ದರು, "ಹೆಸರಿಗೆ ಜಾಗ್ವಾರು, ಓಡುವುದು ಎಮ್ಮೆ ಹಾಗೆ." ಚಾಚಾ ನಗುತ್ತಿದ್ದರೇ ಹೊರತು ಕಾರಣ ಹೇಳುತ್ತಿರಲಿಲ್ಲ. ಎಲ್ಲಿಯೂ ಬರೆದಿಡಲೂ ಇಲ್ಲ.

1995 ರಲ್ಲಿ ಚಾಚಾ ತೀರಿಕೊಂಡರು. ಮಾರನೇ ವರ್ಷ ಮಾವ ಗಾಡಿಯನ್ನು ಇನ್ನೊಬ್ಬ ಮೆಕ್ಯಾನಿಕನ ಹತ್ತಿರ ಕೊಟ್ಟರು. ಒಳ್ಳೆಯ ಕೆಲಸಗಾರನೇ, ಅದರಲ್ಲಿ ಅನುಮಾನವಿಲ್ಲ. ಅವನು ಎಲ್ಲಿಂದಲೋ ಕಂಪನಿಯ ಮ್ಯಾನುಯಲ್ ತರಿಸಿ ಅದರಲ್ಲಿ ಇದ್ದ ಹಾಗೆಯೇ ಎಲ್ಲ ಸೆಟ್ ಮಾಡಿದ. ಟೈಮಿಂಗನ್ನೂ. "ಸೇಠ್, ಅಬ್ ದೇಖೋ ಪಿಕಪ್" ಅಂದ. ನಿಜಕ್ಕೂ ಗಾಡಿ ಹಾರತೊಡಗಿತು. ಮಾವನಿಗೆ ಆ ದಿನ ಇಪ್ಪತ್ತು ವರ್ಷ ಕಡಿಮೆಯಾದ ಹಾಗಿತ್ತು. ಪುಸ್ತಕದಲ್ಲಿ ಬರೆದದ್ದು ಇಂಗ್ಲೆಂಡಿನ ಪೆಟ್ರೋಲಿಗೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಅದಾದ ಮೇಲಿನ ಭಾನುವಾರ ಪೆಡ್ಡರ್ ರೋಡಿನ ಏರಿನಲ್ಲಿ ನನಗೆ ಆ ಸದ್ದು ಮೊದಲ ಸಲ ಕೇಳಿಸಿತು. ತಗಡಿನ ಡಬ್ಬಿ, ಕಡಲೆಕಾಳು. ಏರು ಮುಗಿದ ಕೂಡಲೇ ನಿಂತಿತು. ಮಾವನ ಮುಖ ನೋಡಿದೆ. ಅವರು ಖುಷಿಯಲ್ಲಿ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದರು. ಅವರಿಗೆ ಕೇಳಿಸಿರಲಿಲ್ಲ.

ಮಾವನ ಕಿವಿ ಮಂದವಾಗತೊಡಗಿ ಆಗಲೇ ಎರಡು ಮೂರು ವರ್ಷವಾಗಿತ್ತು. ಅತ್ತೆ ಮೆಲ್ಲಗೆ ಹೇಳಿದರೆ "ಹ್ಞಾ?" ಅನ್ನುತ್ತಿದ್ದರು, ಜೋರಾಗಿ ಹೇಳಿದರೆ "ಕಿರುಚುವುದು ಎಂತಕ್ಕೆ, ನನಗೆಂತ ಕಿವಿ ಇಲ್ಲವಾ?" ಎಂದು ರೇಗುತ್ತಿದ್ದರು. ಅದರಲ್ಲೂ ಸಣ್ಣ, ಚೂಪಾದ ಸದ್ದುಗಳು ವಯಸ್ಸಾದಂತೆ ಮೊದಲು ಹೋಗುವುದು. ಇದೂ ನಾನು ಆಮೇಲೆ ಓದಿ ತಿಳಿದದ್ದು.

ನಾನು ಯಾಕೆ ಹೇಳಲಿಲ್ಲ? ಎರಡು ಕಾರಣ. ಒಂದು, ಅದು ಕೆಟ್ಟ ಸದ್ದು ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು, ಗೊತ್ತಿಲ್ಲದಿದ್ದರೂ ಒಂದು ಅನುಮಾನ ಇತ್ತು, ಅದನ್ನು ಹೇಳಿದರೆ "ನಿಮಗೆ ಕೇಳಿಸುತ್ತಿಲ್ಲ" ಎಂದು ಹೇಳಿದ ಹಾಗಾಗುತ್ತದೆ. ಅನ್ನ ಹಾಕಿದ ಮಾವನಿಗೆ ಅದನ್ನು ಹೇಳುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡೆ. ಬ್ಯಾಂಕಿನಲ್ಲಿ ನಾವು ಸಾಲದ ಖಾತೆ ಕೆಡುವ ಮೊದಲಿನ ಸಣ್ಣ ಸಣ್ಣ ಲಕ್ಷಣಗಳನ್ನು ನೋಡಿ ಎಚ್ಚರಿಸಬೇಕು ಎಂದು ಟ್ರೈನಿಂಗ್ ಕೊಡುತ್ತಾರೆ. ಲಕ್ಷಣ ಕಂಡೂ ಫೈಲಿನಲ್ಲಿ ಬರೆಯದ ಆಫೀಸರನಿಗೆ ಏನಾಗುತ್ತದೆ ಎಂದೂ ಹೇಳಿಕೊಡುತ್ತಾರೆ. ಮನೆಯ ವಿಷಯಕ್ಕೆ ಅದು ಅನ್ವಯವಾಗುವುದಿಲ್ಲ ನೋಡಿ.

ಆ ಡಿಸೆಂಬರಿನಲ್ಲಿ, 1996 ರಲ್ಲಿ, ಮಾವ ಗಾಡಿಯನ್ನು ಊರಿಗೆ ಒಯ್ಯುವುದೆಂದು ಹೊರಟರು. ಅವರ ಅಕ್ಕ, ಅಂದರೆ ನನ್ನ ಅಮ್ಮ, ಆ ಕಾರಿನ ಫೋಟೋ ಮಾತ್ರ ನೋಡಿದ್ದಳು. "ಒಮ್ಮೆ ಅದರಲ್ಲಿ ಕೂತು ಆನೆಗುಡ್ಡೆಗೆ ಹೋಗಿ ಬರಬೇಕು" ಎಂದು ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು. ಅದಕ್ಕೇ ಈ ಸಂಭ್ರಮ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಅಲ್ಲಿಂದ ಅಂಕೋಲಕ್ಕೆ ಇಳಿದು ಕರಾವಳಿ ಹಿಡಿಯುವುದು ಎಂದು ಲೆಕ್ಕ. ಎಕ್ಸ್‌ಪ್ರೆಸ್ ಹೈವೇ ಆಗ ಇರಲಿಲ್ಲ. ಹಳೇ ರಸ್ತೆಯಲ್ಲಿ ಖೋಪೋಲಿ ದಾಟಿ ಬೋರ್ ಘಾಟ್ ಹತ್ತಬೇಕು. ಘಾಟಿಯಲ್ಲಿ ಶಿಂಗ್ರೋಬಾ ಗುಡಿ ಸಿಗುತ್ತದೆ. ಬ್ರಿಟಿಷರಿಗೆ ಈ ಘಾಟಿಯ ದಾರಿ ತೋರಿಸಿದ ಕುರುಬನ ಗುಡಿ ಎಂದು ಅಲ್ಲಿಯವರ ನಂಬಿಕೆ, ಡ್ರೈವರುಗಳು ನಾಣ್ಯ ಹಾಕಿ ಮುಂದೆ ಹೋಗುತ್ತಾರೆ. ಮಾವನೂ ಹಾಕಿದರು.

ಗಾಡಿಯಲ್ಲಿ ನಾವಿಬ್ಬರೇ. ಡಿಕ್ಕಿಯ ತುಂಬ ಸಾಮಾನು. ಮಧ್ಯಾಹ್ನದ ಬಿಸಿಲು, ಮುಂದೆ ತೆವಳುವ ಲಾರಿಗಳು. ಮಾವನಿಗೆ ಗೇರು ಇಳಿಸುವುದೆಂದರೆ ಅವಮಾನ, ದೊಡ್ಡ ಎಂಜಿನ್ನು ಟಾಪ್ ಗೇರಿನಲ್ಲೇ ಎಳೆಯಬೇಕು ಎನ್ನುವ ಹಟ. ಬಿಸಿ ಗಾಳಿ, ಭಾರ, ನಿಧಾನದ ವೇಗ, ಪೂರ್ತಿ ತುಳಿದ ಎಕ್ಸಿಲರೇಟರ್. ನಾಕಿಂಗಿಗೆ ಬೇಕಾದದ್ದೆಲ್ಲ ಒಂದೇ ಕಡೆ ಕೂಡಿತ್ತು. ಸದ್ದು ಈಗ ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮನೆ. ನಾನು "ಮಾವ..." ಅಂದೆ. ಅವರು "ಹ್ಞಾ?" ಅಂದರು. ನಾನು "ಏನಿಲ್ಲ" ಅಂದೆ.

ಐದು ನಿಮಿಷವಾಗಿರಬಹುದು. ಗಾಡಿ ಒಮ್ಮೆಲೇ ಬಲ ಕಳೆದುಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣದಷ್ಟು ನೀಲಿ ಹೊಗೆ.

ಟ್ರಕ್ಕಿನ ಮೇಲೆ ಹೇರಿ ಮುಂಬಯಿಗೆ ವಾಪಸು ತಂದೆವು. ಎಂಜಿನ್ ಬಿಚ್ಚಿದಾಗ ನಾನೂ ಇದ್ದೆ. ಮೂರನೇ ಪಿಸ್ಟನ್ನಿನ ಅಂಚು ಇಲಿ ಕಡಿದ ಹಾಗೆ ತಿಂದು ಹೋಗಿತ್ತು, ರಿಂಗು ಕೂರುವ ಜಾಗ ಒಡೆದು ಚೂರಾಗಿತ್ತು, ಸಿಲಿಂಡರಿನ ಗೋಡೆಯಲ್ಲಿ ಉದ್ದಕ್ಕೆ ಗೀರು. ಉಳಿದ ಪಿಸ್ಟನ್ನುಗಳ ತಲೆಯ ಮೇಲೂ ಮೊಳೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿ. ಲೇತ್ ಕೆಲಸದ ಒಬ್ಬ ಹಿರಿಯರು ಆಯಿಲ್ ಫಿಲ್ಟರಿನ ಮೇಲೆ ಬ್ಲಾಕಿನಲ್ಲಿ ಕೊರೆದ ನಂಬರನ್ನು ಬಟ್ಟೆಯಿಂದ ಉಜ್ಜಿ ಕೊನೆಯ 9 ತೋರಿಸಿದರು. ಅವರೇ ವಿವರಿಸಿದ್ದು. "ಆವಾಜ್ ಆತಾ ಹೋಗಾ, ಸೇಠ್. ಕಿಸೀನೆ ಸುನಾ ನಹೀಂ?" ಎಂದು ಕೇಳಿದರು.

ಮಾವ ನನ್ನ ಕಡೆ ತಿರುಗಿದರು. "ನಿನಗೆ ಎಂತಾದರೂ ಕೇಳಿತ್ತಾ ಮಾಣಿ?"

"ಇಲ್ಲ ಮಾವ" ಅಂದೆ.

ಇಂಗ್ಲೆಂಡಿನಿಂದ 8 ಕ್ಕೆ 1 ಕಂಪ್ರೆಷನ್ನಿನ ಪಿಸ್ಟನ್ನುಗಳನ್ನು ತರಿಸಿ, ಸಿಲಿಂಡರ್ ಬೋರ್ ಮಾಡಿಸಿ, ದುಡ್ಡು ಹೊಂದಿಸಿ, ಗಾಡಿ ಮತ್ತೆ ಸ್ಟಾರ್ಟ್ ಆಗಿದ್ದು 1999 ರಲ್ಲಿ. ಅಮ್ಮ 1998 ರ ಆಗಸ್ಟಿನಲ್ಲಿ ತೀರಿಹೋಗಿದ್ದಳು. ಆಮೇಲೆ ಮಾವ ಆ ಕಾರನ್ನು ಊರಿಗೆ ಒಯ್ಯುವ ಮಾತು ಎತ್ತಲಿಲ್ಲ.

ನಾನು ಓದತೊಡಗಿದ್ದು ಆ ಗ್ಯಾರೇಜಿನಿಂದ ಬಂದ ಮೇಲೆ. ಓದುತ್ತಾ ಹೋದ ಹಾಗೆ ಇದು ನಮ್ಮ ಮನೆಯ ಒಂದು ಕಾರಿನ ಕತೆ ಮಾತ್ರ ಅಲ್ಲ ಎಂದು ತಿಳಿಯಿತು. 1921 ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಎಂಬವನು ಪೆಟ್ರೋಲಿಗೆ ಚೂರು ಟೆಟ್ರಾ ಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ, ಸೇರಿಸಿದರೆ ನಾಕಿಂಗ್ ನಿಲ್ಲುತ್ತದೆ ಎಂದು ಕಂಡುಹಿಡಿದ. ಎಂಜಿನ್ನುಗಳ ಕಂಪ್ರೆಷನ್ ಏರುತ್ತಾ ಹೋದದ್ದು ಅದರ ಬಲದಿಂದಲೇ. ಸೀಸ ವಿಷ ಎನ್ನುವುದು ಆಗಲೇ ಗೊತ್ತಿತ್ತು. 1924 ರಲ್ಲಿ ನ್ಯೂಜೆರ್ಸಿಯ ಒಂದು ಘಟಕದಲ್ಲಿ ಅದನ್ನು ತಯಾರಿಸುತ್ತಿದ್ದ ಐದು ಮಂದಿ ಕೆಲಸಗಾರರು ಭ್ರಮೆ ಹಿಡಿದು ಸತ್ತರು. ಆದರೂ ಮಾರಾಟ ನಿಲ್ಲಲಿಲ್ಲ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಲೋಕಕ್ಕೆ ಮನವರಿಕೆಯಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಭಾರತದಲ್ಲಿ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 2000 ದ ಫೆಬ್ರವರಿಯಲ್ಲಿ. ಕೊನೆಗೆ ಬಿಟ್ಟ ದೇಶ ಅಲ್ಜೀರಿಯಾ, 2021 ರಲ್ಲಿ.

ಸೀಸ ಹೋದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ನಂಬಿ ಹುಟ್ಟಿದ ಎಂಜಿನ್ನುಗಳು ಅನಾಥವಾದವು. ಅಮೆರಿಕದಲ್ಲಿ ಅರುವತ್ತರ ದಶಕದ ಕೊನೆಗೆ 10, 11 ಕಂಪ್ರೆಷನ್ನಿನ ದೊಡ್ಡ ದೊಡ್ಡ ಎಂಜಿನ್ನುಗಳ ಕಾರುಗಳು ಸಾಮಾನ್ಯವಾಗಿದ್ದವು. 1971 ರ ಮಾಡೆಲುಗಳಿಂದ ಜನರಲ್ ಮೋಟಾರ್ಸ್ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಹೊಂದುವಂತೆ ತನ್ನ ಎಂಜಿನ್ನುಗಳ ಕಂಪ್ರೆಷನ್ನನ್ನೇ ಇಳಿಸಿತು. ಅದಕ್ಕಿಂತ ಹಿಂದಿನ ಕಾರು ಇಟ್ಟುಕೊಂಡವರಿಗೆ ಉಳಿದ ಮುಖ್ಯ ದಾರಿ ಎರಡು. ಮಾವ ಮಾಡಿಸಿದಂತೆ ಪಿಸ್ಟನ್ ಬದಲಾಯಿಸುವುದು ಅಥವಾ ಚಾಚಾ ಮಾಡಿದಂತೆ ಕಿಡಿ ತಡ ಮಾಡುವುದು.

ಅಲ್ಲಿಯವರ ಪುಸ್ತಕ ಓದುವಾಗ ಒಂದು ಎಚ್ಚರ ಬೇಕು. ಅಮೆರಿಕದ ಪಂಪಿನಲ್ಲಿ ಬರೆಯುವ ಆಕ್ಟೇನ್ ಎರಡು ಬೇರೆ ಬೇರೆ ಪರೀಕ್ಷೆಗಳ ಸರಾಸರಿ. ನಮ್ಮಲ್ಲಿ ಮತ್ತು ಯುರೋಪಿನಲ್ಲಿ ಬರೆಯುವುದು ಅವುಗಳಲ್ಲಿ ದೊಡ್ಡದಾದ ರಿಸರ್ಚ್ ಆಕ್ಟೇನ್ ಒಂದನ್ನೇ. ಹಾಗಾಗಿ ಅಲ್ಲಿಯ 87 ಅಂದರೆ ಇಲ್ಲಿಯ ಸುಮಾರು 91, ಅಲ್ಲಿಯ 93 ಅಂದರೆ ಇಲ್ಲಿಯ ಸುಮಾರು 98. ಡಾಲರನ್ನು ರೂಪಾಯಿ ಎಂದು ಓದಿದರೆ ಆಗುವ ಅನಾಹುತವೇ ಇಲ್ಲೂ ಆಗುತ್ತದೆ.

ಮತ್ತೆ ಕೇಳಬಹುದು, ಇವತ್ತಿನ ಸಣ್ಣ ಕಾರುಗಳಲ್ಲೂ ಕಂಪ್ರೆಷನ್ 11, 12 ಇದೆಯಲ್ಲ, ಅವು ಮಾಮೂಲಿ ಪೆಟ್ರೋಲಿನಲ್ಲೇ ಓಡುತ್ತವಲ್ಲ ಎಂದು. ನನಗೂ ಇದು ಬಹಳ ದಿನ ಅರ್ಥವಾಗಿರಲಿಲ್ಲ. ಹೊಸ ಎಂಜಿನ್ನಿನ ಸಿಲಿಂಡರು ಸಣ್ಣದು, ಬೆಂಕಿ ಬೇಗ ಹರಡುವಂತೆ ಒಳಗಿನ ಆಕಾರ ಮಾಡಿರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ಕಿವಿ ಇದೆ. ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಬಿಗಿದಿರುತ್ತಾರೆ. ನಾಕಿಂಗಿನ ಅದಿರು ಅದಕ್ಕೆ ತಿಳಿದ ಕೂಡಲೇ ಕಂಪ್ಯೂಟರು ಕಿಡಿಯನ್ನು ಕೆಲವು ಡಿಗ್ರಿ ಹಿಂದೆ ಸರಿಸುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಮೂಗೂ ಇದೆ. ಸೈಲೆನ್ಸರಿನ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರು ಹೊಗೆಯನ್ನು ಮೂಸಿ ಪೆಟ್ರೋಲು ಹೆಚ್ಚು ಕಡಿಮೆ ಮಾಡಿಸುತ್ತದೆ. ಹಳೇ ಎಂಜಿನ್ನಿಗೆ ಕಿವಿಯೂ ಇಲ್ಲ, ಮೂಗೂ ಇಲ್ಲ. ಒಳಗೆ ಕೂತವರ ಕಿವಿಯೇ ಅದರ ಕಿವಿ.

ಈಗ ಭಾವನ ಪ್ರಶ್ನೆಗೆ ಬರೋಣ. ಇ20 ಅಂದರೆ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. 2023 ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಬಿಡುಗಡೆ ಮಾಡಿದರು, 2025 ರ ಹೊತ್ತಿಗೆ ದೇಶದ ತುಂಬ ಬಂತು. ತಮಾಷೆ ನೋಡಿ, ಆಲ್ಕೋಹಾಲ್ ಸೇರಿಸಿದರೆ ನಾಕಿಂಗ್ ನಿಲ್ಲುತ್ತದೆ ಎಂದು ನೂರು ವರ್ಷದ ಹಿಂದೆ ಅದೇ ಮಿಜ್ಲಿಗೂ ಗೊತ್ತಿತ್ತು, ಆದರೆ ಕಂಪನಿ ಹಿಡಿದದ್ದು ಸೀಸದ ದಾರಿ. ಎಥೆನಾಲಿನ ಆಕ್ಟೇನ್ 108 ರ ಮೇಲೆ. ಹಾಗಾಗಿ ನಮ್ಮ ಪಂಪಿನ ಪೆಟ್ರೋಲು 91 ಇದ್ದದ್ದು ಇ20 ಯಲ್ಲಿ 95 ಆಗಿದೆ. ಅಂದರೆ ಹೆಚ್ಚು ಕಂಪ್ರೆಷನ್ನಿನ ಹಳೇ ಎಂಜಿನ್ನಿಗೆ ಬೇಕಾದ ತಾಳ್ಮೆ ನಮ್ಮ ಮಾಮೂಲಿ ಪೆಟ್ರೋಲಿಗೆ ಹಿಂದೆಂದಿಗಿಂತ ಈಗಲೇ ಜಾಸ್ತಿ. ಚಾಚಾ ಇದ್ದಿದ್ದರೆ ಕಿಡಿಯನ್ನು ಅಷ್ಟು ತಡ ಮಾಡಬೇಕಾಗಿರಲಿಲ್ಲ.

ಆದರೆ ಒಂದು ರೋಗ ಹೋಗಿ ಮೂರು ರೋಗ ಬಂದ ಹಾಗೆ. ಒಂದು, ಆ ಕಾಲದ ರಬ್ಬರು ಪೈಪು, ವಾಷರುಗಳು ಎಥೆನಾಲಿಗೆ ತಡೆಯುವುದಿಲ್ಲ. ಉಬ್ಬುತ್ತವೆ, ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರಿದರೆ ಪಿಸ್ಟನ್ ಅಲ್ಲ, ಗಾಡಿಯೇ ಹೋಗುತ್ತದೆ. ಎರಡು, ಎಥೆನಾಲಿನೊಳಗೇ ಆಮ್ಲಜನಕ ಇದೆ. ಹಳೇ ಕಾರ್ಬ್ಯುರೇಟರು ಮೊದಲಿನಷ್ಟೇ ಅಳತೆಯಲ್ಲಿ ಕೊಟ್ಟರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಬಿಸಿಯೇರಿ ಎಳೆಯಲು ತಡವರಿಸುತ್ತದೆ. ಜೊತೆಗೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಮೂರನೆಯದೇ ಮುಖ್ಯ. ಎಥೆನಾಲು ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಮತ್ತು ಎಥೆನಾಲು ಬೇರೆಯಾಗಿ ಕೂರುತ್ತದೆ. ತಳದ್ದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಮೇಲೆ ಉಳಿದದ್ದು ಎಥೆನಾಲ್ ಇಲ್ಲದ ಬಡ ಪೆಟ್ರೋಲು, 95 ಎಂದು ದುಡ್ಡು ಕೊಟ್ಟದ್ದರ ಆಕ್ಟೇನು ನಮ್ಮ ಹಳೇ ಕಾಲದ 87 ಕ್ಕಿಂತಲೂ ಕೆಳಗಿಳಿದಿರುತ್ತದೆ. ಸೋಮವಾರ ಹಾಕಿಸಿದ ಪೆಟ್ರೋಲು ದೀಪಾವಳಿಗೆ ಅದೇ ಪೆಟ್ರೋಲಾಗಿರುವುದಿಲ್ಲ.

ಭಾವನಿಗೆ ಇದನ್ನೆಲ್ಲ ಹೇಳಿದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಹೊಸ ರಬ್ಬರಿಗೆ ಬದಲಾಯಿಸಿ, ಕಾರ್ಬ್ಯುರೇಟರಿನ ವಾಷರುಗಳನ್ನೂ. ಟ್ಯಾಂಕು ಬಿಚ್ಚಿ ತೊಳೆಸಿ, ಇಲ್ಲದಿದ್ದರೆ ಒಳಗಿನ ಹಳೇ ಜಿಡ್ಡನ್ನೆಲ್ಲ ಎಥೆನಾಲು ಕರಗಿಸಿ ಕಾರ್ಬ್ಯುರೇಟರಿಗೆ ತಂದು ತುಂಬುತ್ತದೆ. ಮಿಶ್ರಣ ಸ್ವಲ್ಪ ದಪ್ಪ ಮಾಡಿಸಿ. ಬೇಕಾದಷ್ಟೇ ಹಾಕಿಸಿ, ಬೇಗ ಖರ್ಚು ಮಾಡಿ, ಮಳೆಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ. ನಮ್ಮದು ಈಗ 8 ಕಂಪ್ರೆಷನ್ನು, 95 ಸಾಕು. ಇನ್ನೂ 9 ಇದ್ದಿದ್ದರೆ ಇಂಡಿಯನ್ ಆಯಿಲಿನವರು 2020 ರ ಡಿಸೆಂಬರಿನಲ್ಲಿ ತಂದ 100 ಆಕ್ಟೇನಿನ ಪೆಟ್ರೋಲು ಹುಡುಕಬೇಕಾಗುತ್ತಿತ್ತು. ಅದು ಬಂದಾಗಲೇ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಮಾವ ಕೊಡುತ್ತಿದ್ದರೋ ಏನೋ, ಭಾವ ಕೊಡುವವರಲ್ಲ!

"ಮತ್ತೆ ಎಂತಾದರೂ ಇದೆಯಾ?" ಎಂದು ಭಾವ ಕೇಳಿದರು. ಆಗ 1996 ರ ವಿಷಯ ಹೇಳಿದೆ. ಅವರಿಗೆ ಹೇಳಿದ್ದು ಅದೇ ಮೊದಲು.

ಮಾವನಿಗೆ ಮಾತ್ರ ಮುಂಚೆಯೇ ಹೇಳಿದ್ದೆ. 2008 ರಲ್ಲಿ, ಅವರು ಹೋಗುವ ಒಂದು ವರ್ಷ ಮುಂಚೆ. ಆಗ ಕಿವಿಗೆ ಮಿಷನ್ನು ಬಂದಿತ್ತು. ಬಾಲ್ಕನಿಯಲ್ಲಿ ಕೂತಿದ್ದರು, ಹತ್ತಿರ ಹೋಗಿ ಎಲ್ಲ ಹೇಳಿದೆ. ಪೆಡ್ಡರ್ ರೋಡು, ಘಾಟಿ, ಗ್ಯಾರೇಜಿನಲ್ಲಿ ಹೇಳಿದ ಸುಳ್ಳು. ಅಮ್ಮನ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳಿದ್ದರೂ ನಾನು ಕೇಳುತ್ತಿದ್ದೆನಾ ಮಾಣಿ?" ಅಂದರು. ಯಾವ ಅರ್ಥದಲ್ಲಿ ಅಂದರೋ, ನಾನು ಕೇಳಲಿಲ್ಲ. ನಾನು ಹೇಳಬೇಕಾಗಿತ್ತು ಎನ್ನುವುದಂತೂ ಅದರಿಂದ ತಪ್ಪುವುದಿಲ್ಲ.

ಜನವರಿ ಕೊನೆಯ ಭಾನುವಾರ ಪುಣೆಗೆ ಹೋಗಿದ್ದೆ. ಭಾವ ಪೈಪುಗಳನ್ನೆಲ್ಲ ಬದಲಾಯಿಸಿದ್ದರು. ಹತ್ತಿರದ ಪಂಪಿನಲ್ಲಿ ಹದಿನೈದು ಲೀಟರ್ ಇ20 ಹಾಕಿಸಿಕೊಂಡು ಹೊರಟು ಲೋನಾವಳ, ಖಂಡಾಲ ದಾಟಿ ಖೋಪೋಲಿಗೆ ಇಳಿದೆವು, ಮತ್ತೆ ಹಳೇ ಘಾಟಿ ಹತ್ತಿದೆವು. ಶಿಂಗ್ರೋಬಾನಿಗೆ ನಾನೇ ನಾಣ್ಯ ಹಾಕಿದೆ. ಗಾಜು ಪೂರ್ತಿ ಇಳಿಸಿ, ರೇಡಿಯೋ ಬಂದ್ ಮಾಡಿ ಕೂತೆ. ಎಂಜಿನ್ನು ಚೆನ್ನಾಗಿ ಎಳೆಯುತ್ತಿತ್ತು. ಭಾವನೂ ಅಪ್ಪನ ಮಗನೇ, ಗೇರು ಇಳಿಸುವವರಲ್ಲ. ಗುಡಿ ದಾಟಿ ಎರಡನೇ ತಿರುವಿನಲ್ಲಿ ಲಾರಿಯ ಹಿಂದೆ ಸಿಕ್ಕಿ ವೇಗ ಇಳಿಯಿತು, ಅವರು ಟಾಪ್ ಗೇರಿನಲ್ಲೇ ತುಳಿದರು, ಬಹಳ ಸಣ್ಣಗೆ, ಎರಡೇ ಎರಡು ಕಾಳು ಅಲುಗಿದ ಹಾಗೆ ಕೇಳಿಸಿತು.

"ಭಾವ, ಕಾಲು ತೆಗೀರಿ! ಗೇರು ಇಳಿಸಿ!" ಎಂದು ಕಿರುಚಿದೆ. ಪಕ್ಕದ ಗಾಡಿಯವನು ತಿರುಗಿ ನೋಡಿದ.

ಭಾವ ಬೆಚ್ಚಿ ಮೂರನೇ ಗೇರಿಗೆ ಹಾಕಿದರು. ಸದ್ದು ನಿಂತಿತು. "ಅಷ್ಟು ಜೋರಾಗಿ ಹೇಳಬೇಕಾ ಮಾರಾಯ, ನನ್ನ ಕಿವಿ ಸರಿ ಇದೆ" ಎಂದು ನಕ್ಕರು. ಲೋನಾವಳದಲ್ಲಿ ನಿಲ್ಲಿಸಿ ಚಹಾ ಕುಡಿದೆವು. ಹೊಗೆ ಇರಲಿಲ್ಲ, ಪೈಪುಗಳು ಸೋರಿರಲಿಲ್ಲ. ಬರುವ ನವೆಂಬರಿನಲ್ಲಿ, ಮಳೆ ಮುಗಿದ ಮೇಲೆ, ಊರಿಗೆ ಹೋಗುವುದು ಎಂದು ಮಾತಾಗಿದೆ. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಅಂಕೋಲ. ಮುಂದಿನ ಸೀಟು ನನ್ನದು.